ಪರೀಕ್ಷೆಗೆ ಕೂತ ರೋಗಿ

ಸುಮ್ಮನೆ ಕೂರುವ ಕೆಲಸವನ್ನು ನನಗೆ ಯಾರೂ ಕಲಿಸಲಿಲ್ಲ. ಏಳನೇ ಕ್ಲಾಸು ಮುಗಿಯುವ ಮೊದಲೇ ಶಾಲೆ ಬಿಟ್ಟು ಬೋಟಿನ ಎಂಜಿನ್ ಕೋಣೆಗೆ ಇಳಿದವನು ನಾನು. ಆವತ್ತಿನಿಂದ ನನ್ನ ಕೈ ಏನನ್ನಾದರೂ ಬಿಚ್ಚುತ್ತಲೋ ಜೋಡಿಸುತ್ತಲೋ ಇರುತ್ತದೆ. ಊಟಕ್ಕೆ ಕೂತಾಗಲೂ ನೀರಿನ ಲೋಟವನ್ನು ಬೋಲ್ಟಿನ ಹಾಗೆ ತಿರುಗಿಸುತ್ತಿರುತ್ತೇನೆ. ಇಂಥವನನ್ನು ಬ್ರಹ್ಮಾವರದ ಕಡೆಯ ಒಂದು ಫಾರ್ಮಸಿ ಕಾಲೇಜಿನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ‘ನೀವು ರೋಗಿ, ಹೇಳಿದಷ್ಟು ಮಾತ್ರ ಮಾಡಿ’ ಎಂದರು. ಆ ಕುರ್ಚಿಯ ಕತೆ ಇದು.

ಅಲ್ಲಿಗೆ ನಾನು ಹೋದದ್ದು ಜನರೇಟರಿನ ದೆಸೆಯಿಂದ. ಮಳೆಗಾಲದಲ್ಲಿ ಕರೆಂಟು ಹೋಗಿ, ಅವರ ಜನರೇಟರೂ ಕೈಕೊಟ್ಟಿತ್ತು. ಕಂಪನಿಯ ಮೆಕ್ಯಾನಿಕ್ ಇವತ್ತು ಬತ್ತೆ, ನಾಳೆ ಬತ್ತೆ ಎನ್ನುತ್ತಲೇ ಇದ್ದನಂತೆ. ಯಾರೋ, ಕಡಲ ಬದಿಯ ಕೋಡಿ ಎಂಬ ಊರಿನಲ್ಲಿ ಒಬ್ಬ ಬೋಟ್ ಎಂಜಿನ್‌ನವನಿದ್ದಾನೆ ಎಂದು ನನ್ನ ಹೆಸರು ಹೇಳಿದರು. ಹೋದೆ, ಬಿಚ್ಚಿದೆ, ಡೀಸೆಲ್ ಪೈಪಿನೊಳಗೆ ಸೇರಿಕೊಂಡಿದ್ದ ಗಾಳಿ ಬಿಡಿಸಿದೆ, ಸ್ಟಾರ್ಟ್ ಆಯಿತು. ಅಷ್ಟು ಹೊತ್ತೂ ಒಬ್ಬ ಮೇಡಂ ಕೊಡೆ ಹಿಡಿದು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಘಟ್ಟದ ಮೇಲಿನ ಊರಿನವರು. ಔಷಧವನ್ನು ಜನರಿಗೆ ತಿಳಿಸಿ ಕೊಡುವುದು ಹೇಗೆ ಎಂಬ ಪಾಠ ಅವರದ್ದು.

“ನಮ್ಮಲ್ಲಿ ಪರೀಕ್ಷೆ ಇದೆ. ನೀವು ಬರ್ತೀರಾ?” ಎಂದು ಕೇಳಿದರು.

ನನಗೆ ನಗು ಬಂತು. “ನಾನ್ ಬರುದಾ? ಏಳ್ನೇ ಕ್ಲಾಸ್ ಪರೀಕ್ಷೆಗೇ ಹೋದವ ಅಲ್ಲ ಮೇಡಂ.”

“ಬರೆಯೋಕಲ್ಲ. ರೋಗಿಯಾಗಿ ಕೂತ್ಕೊಳ್ಳೋಕೆ. ನಮ್ಮ ಮಕ್ಕಳು ಪೇಪರ್‌ನಲ್ಲಿ ಬರೆದದ್ದು ನೋಡಿದ್ರೆ ಎಲ್ಲಾ ಬರುತ್ತೆ ಅನ್ಸುತ್ತೆ. ನಾಳೆ ಮೆಡಿಕಲ್ ಶಾಪ್ ಕೌಂಟರಲ್ಲಿ ನಿಂತು ಒಬ್ಬ ಮನುಷ್ಯನಿಗೆ ಅದನ್ನ ಹೇಳಿಕೊಡೋಕೆ ಬರುತ್ತಾ? ನಾನು ಕಲಿಸಿದ್ದು ಎಷ್ಟು ಅಂತ ನನಗೆ ಗೊತ್ತು. ಅವರು ಕಲಿತದ್ದು ಎಷ್ಟು ಅಂತ ತಿಳೀಬೇಕು.”

“ನಂಗೆ ಯಾವ ರೋಗವೂ ಇಲ್ಲ.”

“ಇದೆ ಅಂತ ಕೂತ್ಕೊಳ್ಳಿ. ಉಬ್ಬಸ.”

ಮೀನುಗಾರಿಕೆಗೆ ಮಳೆಗಾಲದ ನಿಷೇಧ ಇದ್ದ ದಿನಗಳವು. ಉಳಿದವರಿಗೆ ರಜೆ, ನನಗೆ ಮಾತ್ರ ವರ್ಷದ ದೊಡ್ಡ ಕೆಲಸ. ಬೋಟುಗಳೆಲ್ಲ ದಡಕ್ಕೆ ಬಂದು ಎಂಜಿನ್‌ಗಳು ಹೊಟ್ಟೆ ತೆರೆದು ಕೂತಿರುತ್ತವೆ. ನಿಷೇಧ ಮುಗಿಯುವ ದಿನಕ್ಕೆ ಸರಿಯಾಗಿ ಎಲ್ಲರಿಗೂ ಎಂಜಿನ್ ತಯಾರಾಗಬೇಕು. ಆದರೂ ಒಪ್ಪಿಕೊಂಡೆ. ಕಾಲೇಜಿನವರು ಪರೀಕ್ಷೆಗೆ ಕರೆದಿದ್ದಾರೆ ಎಂಬ ಮಾತು ನನ್ನ ಕಿವಿಗೆ ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ, ಕೋಡಿಯಲ್ಲಿ ನಾನದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಂಡು ತಿರುಗಿದೆ. ರೋಗಿಯಾಗಿ ಹೋಗುವುದು ಎಂಬ ಭಾಗವನ್ನು ಮಾತ್ರ ಹೇಳಲಿಲ್ಲ. ಪರೀಕ್ಷೆ ಮಾಡಲು ಹೋಗುತ್ತಾನೆ ಎಂದೇ ಎಲ್ಲರೂ ತಿಳಿದರು.

“ಹ್ವಾಯ್ ಪ್ರಿನ್ಸಿಪಾಲ್ರೆ,” ಎಂದು ಕೂಗಿದರು ಒಬ್ಬ ಬೋಟ್ ಮಾಲೀಕರು. ಅವರ ಎಂಜಿನ್ ಆಗ ನನ್ನ ಶೆಡ್ಡಿನಲ್ಲಿ ಬಿಚ್ಚಿ ಹರಡಿತ್ತು. “ಮಕ್ಳಿಗೆ ಮಾರ್ಕ್ ಕೊಟ್ಟಾದ್ಮೇಲೆ ನಮ್ ಎಂಜಿನಿಗೂ ಸ್ವಲ್ಪ ಕೊಡಿ ಮಾರ್ರೆ.”

ಪರೀಕ್ಷೆಯ ದಿನ ತೆಕ್ಕಟ್ಟೆ ದಾಟುವಾಗಲೇ ಜಡಿಮಳೆ. ರೇನ್‌ಕೋಟಿನೊಳಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೈಕಿನಲ್ಲಿ ಹೋದೆ. ಒಂದು ಸಣ್ಣ ಕೋಣೆ, ಒಂದು ಮೇಜು, ಈಚೆ ನಾನು, ಆಚೆ ವಿದ್ಯಾರ್ಥಿ, ಮೂಲೆಯಲ್ಲಿ ಮೇಡಂ. ಒಬ್ಬೊಬ್ಬರೇ ಬಂದು ನನಗೆ ಇನ್ಹೇಲರ್ ಎಂಬ ಆ ಪುಟ್ಟ ಪಂಪನ್ನು ಬಾಯಿಗೆ ಹೊಡೆದುಕೊಳ್ಳುವುದು ಹೇಗೆಂದು ಹೇಳಿಕೊಡಬೇಕು. ಆಮೇಲೆ ನಾನು ಮಾಡಿ ತೋರಿಸಬೇಕು. ನಾನು ಸರಿಯಾಗಿ ಮಾಡಿದರೆ ಹೇಳಿಕೊಟ್ಟವರಿಗೆ ಮಾರ್ಕು. ಪಂಪಿನಲ್ಲಿ ಮದ್ದಿರಲಿಲ್ಲ, ಬರೀ ಗಾಳಿ.

ಮೊದಲು ಬಂದ ಹುಡುಗಿ ಚೆನ್ನಾಗಿ ಹೇಳಿಕೊಟ್ಟಳು. ಕುಲುಕಬೇಕು, ಉಸಿರು ಪೂರಾ ಹೊರಗೆ ಬಿಡಬೇಕು, ತುಟಿ ಬಿಗಿಹಿಡಿದು, ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗಬೇಕು, ಆಮೇಲೆ ಉಸಿರು ಕಟ್ಟಿ ನಿಲ್ಲಬೇಕು. ಎಂಜಿನ್‌ಗೆ ಡೀಸೆಲ್ ಯಾವ ಗಳಿಗೆಯಲ್ಲಿ ಬೀಳಬೇಕು ಎಂದು ಗೊತ್ತಿರುವವನಿಗೆ ಇದೇನು ಕಷ್ಟ? ಒಂದೇ ಸಲಕ್ಕೆ ಮಾಡಿ ತೋರಿಸಿದೆ. ಮೇಡಂ ತಲೆದೂಗಿದರು. ನನಗೆ ಖುಷಿಯಾಯಿತು.

ಅಲ್ಲಿಗೇ ಎಡವಟ್ಟು ಶುರುವಾದದ್ದು. ಎರಡನೆಯವನು ಬಂದು ತೊದಲಿದ, ಅರ್ಧ ಮರೆತ. ನಾನು ಮಾತ್ರ ಪೂರ್ತಿ ಮಾಡಿದೆ. ಆಮೇಲೆ ಬಂದವರು ಏನೇ ಹೇಳಲಿ, ಬಿಡಲಿ, ನಾನು ಕುಲುಕಿದೆ, ಬಿಟ್ಟೆ, ಒತ್ತಿದೆ, ಎಳೆದೆ, ಕಟ್ಟಿದೆ. ಗೊತ್ತಿದ್ದದ್ದನ್ನು ಬಂದವರೆಲ್ಲರ ಎದುರು ಗೊತ್ತಿಲ್ಲದವನ ಹಾಗೆ ತಪ್ಪಾಗಿ ಮಾಡುವುದಾ? ಆ ವಿಚಾರವೇ ನನ್ನ ತಲೆಗೆ ಬರಲಿಲ್ಲ. ನಡುವೆ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು, ಬೋಟ್ ಮಾಲೀಕರದ್ದು. ಬೇಗ ಬೇಗ ಮಾಡಿ ಮುಗಿಸುವ ಆತುರವೂ ಇತ್ತೆನ್ನಿ.

ಎಲ್ಲರದ್ದೂ ಮುಗಿದ ಮೇಲೆ ಮೇಡಂ ಮಾರ್ಕಿನ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ಆಫೀಸಿನಲ್ಲಿ ಗುಡಿಸಿ ಒರೆಸುವ ಹೆಂಗಸನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಆಕೆ ಬಂದು ನನ್ನೆದುರು ಕೂತು, ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತ, “ಇವತ್ತ್ ಬಸ್ಸಲ್ಲ್ ಕೂಕಂಬುಕೆ ಜಾಗವೇ ಇಲ್ಲ ಮಾರ್ರೆ, ಬಪ್ಪತಿಗೆ ಸೊಂಟ ಹೋಯ್ತ್. ಹಾಂ, ಇನ್ನ್ ನೀವ್ ಮಾಡಿ ತೋರ್ಸಿ,” ಎಂದಳು.

ನಾನು ಪಂಪನ್ನು ಕುಲುಕಿ, ಉಸಿರು ಬಿಟ್ಟು, ಒಂದಿಷ್ಟೂ ತಪ್ಪದೆ ಮಾಡಿ ತೋರಿಸಿದೆ.

ಮೇಡಂ ಪೆನ್ನು ಕೆಳಗಿಟ್ಟರು. “ನೀವು ಪಾಸಾದ್ರಿ. ನನ್ನ ಮಕ್ಕಳದ್ದು ಏನಾಯ್ತು ಅಂತ ನನಗೆ ಗೊತ್ತಾಗ್ಲೇ ಇಲ್ಲ.”

ಅಷ್ಟೂ ಜನರ ಪರೀಕ್ಷೆ ರದ್ದು. ಮುಂದಿನ ವಾರ ಮತ್ತೆ ಎಂದರು.

ಹೊರಗೆ ಜಗಲಿಯಲ್ಲಿ ಮಕ್ಕಳು ಗುಂಪಾಗಿ ನಿಂತಿದ್ದರು. ಸುದ್ದಿ ಆಗಲೇ ಹೋಗಿತ್ತು. ನಾನು ರೇನ್‌ಕೋಟು ಹಾಕಿಕೊಳ್ಳುವಾಗ ಎಲ್ಲರೂ ಬದಿಗೆ ಸರಿದರು. ಒಬ್ಬಳು ಮಾತ್ರ ಮುಂದೆ ಬಂದಳು, ಬೈಂದೂರಿನ ಕಡೆಯ ಹುಡುಗಿ. ನನ್ನೆದುರು ಕೂತಾಗ ಪಾಠವನ್ನು ಒಪ್ಪಿಸುವ ಹಾಗೆ ಗಡಗಡ ಹೇಳಿ, ನಡುವೆ ತಡೆದು, ಕಣ್ಣು ಮುಚ್ಚಿಕೊಂಡವಳು ಅವಳೇ. ಅವಳ ಮೂಗಿನ ತುದಿ ಕೆಂಪಾಗಿತ್ತು.

“ನಿಮ್ಗೆ ಕಲಿಯುಕೆ ಯಾರ್ ಹೇಳಿದ್ರ್ ಅಣ್ಣ?”

ನಾನು ರೇನ್‌ಕೋಟಿನ ಗುಂಡಿ ಹಾಕತೊಡಗಿದೆ.

“ಪಾಸ್ ಅಂದ್ಹೇಳಿ ಮನೆಗೆ ಫೋನ್ ಮಾಡಿಯಾಯ್ತ್. ನಂಗೆ ಇದ್ ಎರಡ್ನೇ ಸಲ. ಈ ಸಲವೂ ಫೇಲಾರೆ ಮುಂದೆ ಓದುದ್ ಬೇಡ ಅಂದಿದ್ರ್. ಅಮ್ಮ ಬೀಜದ ಫ್ಯಾಕ್ಟ್ರಿಯಲ್ಲ್ ಅವ್ಳ ಬದಿಗೆ ನಂಗೊಂದ್ ಜಾಗ ಹೇಳಿಟ್ಟಿದ್ಲ್.” ಚೀಲವನ್ನು ಹೆಗಲಿಗೇರಿಸಿ ಹೇಳಿದಳು, “ಪಾಸಾರೆ ಬೈಂದೂರಲ್ಲ್ ಒಂದ್ ಮೆಡಿಕಲ್ ಶಾಪ್ನವ್ರ್ ಬಾ ಅಂದಿದ್ರ್.”

ಬೈಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಮಾತೇ. ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದವರ ಕೈ ನಾನು ನೋಡಿದ್ದೇನೆ. ಬೀಜದ ಎಣ್ಣೆ ತಾಗಿ ಬೆರಳು ಸುಟ್ಟು ಕಪ್ಪಾಗಿರುತ್ತದೆ. ಅದು ಮಾನದ ಕೆಲಸ, ಕೀಳೆಂದು ನಾನು ಹೇಳುವುದಿಲ್ಲ, ನನ್ನ ಬೆರಳೂ ಕಪ್ಪೇ. ಆದರೆ ಆ ಹುಡುಗಿ ಬೇಡ ಎಂದು ಓಡಿ ಬಂದ ಕೆಲಸ ಅದು. ನಾನು ಸರಿಯಾಗಿ ಮಾಡಿದ್ದರಿಂದಲೇ ಒಬ್ಬರಿಗೆ ತೊಂದರೆಯಾಯಿತು ಎಂಬುದನ್ನು ನುಂಗಲಿಕ್ಕೆ ನನಗೆ ಆಗಲಿಲ್ಲ. ಎಂಜಿನ್ ಸರಿ ಮಾಡಿದರೆ ಬೋಟು ಮುಳುಗಿದ ಹಾಗೆ.

ಆ ವಾರ ನನಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಬಿಚ್ಚಿದ ವಾಲ್ವನ್ನು ಉಜ್ಜಿದ್ದೇ ಉಜ್ಜಿದೆ. ಮೇಡಂ ಫೋನ್ ಮಾಡಿ ಹೊಸ ಕ್ರಮ ಹೇಳಿದರು. ಈ ಸಲ ಪಂಪಿಲ್ಲ, ನಾನು ಕಂಡಿರದ ಬೇರೆ ಸಾಧನ. ಹೇಳಿದ್ದನ್ನು ಮಾತ್ರ ಮಾಡಬೇಕು, ಹೇಳದೆ ಬಿಟ್ಟದ್ದನ್ನು ಬಿಡಬೇಕು. ಕೊನೆಗೆ ವಿದ್ಯಾರ್ಥಿ ‘ಗೊತ್ತಾಯ್ತಾ’ ಎಂದು ಕೇಳುತ್ತಾನೆ. ನಾನು ‘ಆಯ್ತು’ ಎಂದ ಮೇಲೆ ಅವನು ಬಾಯಿ ತೆರೆಯುವ ಹಾಗಿಲ್ಲ, ನಾನು ಮಾಡಿ ತೋರಿಸಬೇಕು. “ಗೊತ್ತಾಗದಿದ್ರೆ ಗೊತ್ತಾಗ್ಲಿಲ್ಲ ಅಂತ ಹೇಳಿ. ನಿಮ್ಮೂರಲ್ಲಿ ಯಾರೂ ಅದನ್ನ ಹೇಳಲ್ಲ. ಔಷಧಿ ಕೈಗೆ ಕೊಟ್ಟು ಏನು ಹೇಳಿದ್ರೂ ಆಯ್ತ್ ಆಯ್ತ್ ಅಂತಾರೆ.”

ಅದು ಹೌದು. ನಮ್ಮಲ್ಲಿ ಯಾರಾದರೂ ಕಷ್ಟಪಟ್ಟು ಒಂದು ವಿಷಯ ಹೇಳುತ್ತಿದ್ದರೆ ಆಯ್ತ್ ಅನ್ನುವುದು ಮರ್ಯಾದೆ. ಗೊತ್ತಾಗಲಿಲ್ಲ ಎಂದರೆ ಹೇಳುವವರಿಗೆ ಬೇಸರ, ನಮಗೂ ಸಣ್ಣತನ. ಶಾಲೆಯಲ್ಲಿ ಮಾಷ್ಟ್ರು ಲೆಕ್ಕ ಮಾಡಿಸಿ ‘ಗೊತ್ತಾಯ್ತಾ’ ಎಂದಾಗ ಇಡೀ ಕ್ಲಾಸು ಒಂದೇ ದನಿಯಲ್ಲಿ ‘ಹೌದು ಸಾರ್’ ಎನ್ನುತ್ತಿತ್ತು. ನನ್ನ ದನಿಯೂ ಅದರಲ್ಲಿತ್ತು. ಯಾರಿಗೆ ಎಷ್ಟು ಬಂತು ಎಂದು ಮಾಷ್ಟ್ರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದೆ, ಹೀಗೊಂದು ಅಭ್ಯಾಸ ಮಾಡಬೇಕು, ನೀನು ಏನಾದರೂ ಹೇಳಿಕೊಡು, ನಾನು ಹೇಳಿದಷ್ಟೇ ಮಾಡುತ್ತೇನೆ ಎಂದು. ಅವಳು ಬಂಗುಡೆ ಮೀನು ಹೆಚ್ಚುತ್ತಿದ್ದಳು.

“ಹೇಳಿದ್ದಷ್ಟೇ ಮಾಡುದಾ? ನೀವಾ?” ಎಂದು ಕತ್ತಿ ನಿಲ್ಲಿಸಿ ನೋಡಿದಳು. “ಅದ್ ಬಿಡಿ. ನಂಗೆ ಗೊತ್ತಾಯ್ಲಿಲ್ಲ ಅಂದ್ ಒಂದ್ ಸಲ ಹೇಳಿ, ಕೇಂಬ.”

ಬಾಯಿ ತೆರೆದೆ. ಬರಲಿಲ್ಲ.

“ಹ್ವಾಯ್, ಹೇಳಿ. ಮದ್ವೆ ಆದ್ಮೇಲೆ ನಿಮ್ ಬಾಯಲ್ಲಿ ಆ ಮಾತ್ ಕೇಂಡದ್ದಿಲ್ಲ. ಮಿಕ್ಸಿ ಹಾಳಾಯ್ತ್ ಅಂದ್ರೂ ಗೊತ್ತಿತ್ತ್ ಅಂಬ್ರಿ, ಮಗ್ಳಿಗೆ ಜ್ವರ ಬಂತ್ ಅಂದ್ರೂ ಗೊತ್ತಿತ್ತ್ ಅಂಬ್ರಿ.”

“ಗೊತ್ತಿತ್ತ್, ಹೇಳ್ತೆ,” ಎಂದುಬಿಟ್ಟೆ. ಅವಳು ಮೀನಿನ ತಲೆಯನ್ನು ಬೆಕ್ಕಿಗೆ ಎಸೆದು ನಕ್ಕಳು.

ಎರಡನೇ ಪರೀಕ್ಷೆಯ ಹೊತ್ತಿಗೆ ನಿಷೇಧ ಮುಗಿಯಲು ಸ್ವಲ್ಪವೇ ದಿನ ಉಳಿದಿತ್ತು. ಅದೇ ಮಾಲೀಕರ ಎಂಜಿನ್ನನ್ನು ಅವತ್ತು ಮಧ್ಯಾಹ್ನದ ನಂತರ ಬೋಟಿಗೆ ಇಳಿಸಬೇಕಿತ್ತು. ಕಡಲಿನ ಉಬ್ಬರಕ್ಕೆ ಹೊಳೆಯಲ್ಲಿ ನೀರು ಏರಿದಾಗ ಬೋಟು ದಡದ ಧಕ್ಕೆಯ ಕಟ್ಟೆಗೆ ತಾಗಿ ನಿಲ್ಲುತ್ತದೆ, ಆಗಲೇ ಇಳಿಸಬೇಕು. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬತ್ತೆ ಎಂದು ಹೇಳಿ ಹೊರಟಿದ್ದೆ.

ಅದೇ ಕೋಣೆ, ಅದೇ ಕುರ್ಚಿ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಸಾಧನ, ಕೊಳವೆಯ ಹಾಗಿತ್ತು. ಅದರೊಳಗೆ ಹುಡಿ ತುಂಬಿದ ಕ್ಯಾಪ್ಸುಲ್ ಸಿಕ್ಕಿಸಿ ತಿರುಗಿಸಿದರೆ ಅದು ಎರಡು ಭಾಗವಾಗುತ್ತದೆ. ಬಾಯಿಗಿಟ್ಟು ಜೋರಾಗಿ ಉಸಿರೆಳೆದರೆ ಹುಡಿ ಎದೆಗೆ ಹೋಗುತ್ತದೆ. ನಮಗೆ ಕೊಟ್ಟದ್ದರಲ್ಲಿ ಮದ್ದಿನ ಬದಲು ಬರೀ ಸಕ್ಕರೆಯ ಹುಡಿ. ಪಕ್ಕದಲ್ಲಿ ಒಂದು ಲೋಟ ನೀರು, ಒಂದು ಬೇಸಿನ್. ಕೊನೆಗೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಇಲ್ಲದಿದ್ದರೆ ಉಳಿದ ಮದ್ದಿನಿಂದ ಬಾಯೊಳಗೆ ಹುಣ್ಣು ಬರುತ್ತದಂತೆ. ಮುಂಚೆ ಬಂದ ಒಬ್ಬಿಬ್ಬರು ಅದನ್ನು ಹೇಳಿದರು, ಉಳಿದವರು ಮರೆತರು.

ಮರೆತವರ ಸರದಿಯಲ್ಲಿ ನನಗೆ ಆದ ಸಂಕಟ ಯಾರಿಗೂ ಬೇಡ. ಬಾಯೆಲ್ಲ ಹುಡಿ, ಗಂಟಲು ಒಣಗಿತ್ತು, ನೀರು ಕೈಯಳತೆಯಲ್ಲಿ. ಕೈ ತಾನಾಗಿಯೇ ಹೊರಡುತ್ತಿತ್ತು. ಎರಡೂ ಅಂಗೈಗಳನ್ನು ತೊಡೆಯ ಅಡಿಗೆ ಹಾಕಿ ಅದರ ಮೇಲೆ ಕೂತೆ. ‘ಗೊತ್ತಾಯ್ತಾ?’ ಎಂದರು. ‘ಆಯ್ತ್’ ಎಂದೆ. ಮಾಡಿ ತೋರಿಸಿದೆ. ನೀರು ಮುಟ್ಟಲಿಲ್ಲ. ಮೂಲೆಯಲ್ಲಿ ಮೇಡಂ ಗುರುತು ಹಾಕಿಕೊಂಡರು. ‘ಗೊತ್ತಾಯ್ತಾ?’ ‘ಆಯ್ತ್.’ ನನ್ನ ಆಯ್ತ್‌ಗೆ ಒಬ್ಬೊಬ್ಬರ ಮಾರ್ಕು ಹೋಗುತ್ತಿತ್ತು. ನನಗೆ ಅದು ಕಾಣುತ್ತಿತ್ತು, ಆದರೂ ಬೇರೆ ಮಾತು ಹೊರಡಲಿಲ್ಲ.

ಇನ್ನೊಂದು ಸಂಗತಿ ಬೆಳಗಿನಿಂದ ನನ್ನನ್ನು ಕಚ್ಚುತ್ತಿತ್ತು. ಎಳೆದೆವು ಸರಿ, ಹುಡಿ ಒಳಗೆ ಹೋಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಎಂಜಿನ್‌ಗೆ ಎಣ್ಣೆ ಹೋಗದಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಇಲ್ಲಿ? ಅದನ್ನು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮಕ್ಕಳ ಪ್ರಾಯದವರ ಹತ್ತಿರ ಕೇಳುವುದು ಏನು ಎಂದು ಸುಮ್ಮನಿದ್ದೆ.

ಕೊನೆಯ ಸರದಿ ಬೈಂದೂರಿನ ಹುಡುಗಿಯದ್ದು. ನನ್ನ ಮುಖ ನೋಡಲಿಲ್ಲ. ಕೂತವಳೇ ಶುರು ಮಾಡಿದಳು, “ಮೊದಲನೆಯದಾಗಿ, ಸಾಧನವನ್ನು ನೇರವಾಗಿ ಹಿಡಿದುಕೊಳ್ಳಬೇಕು. ಎರಡನೆಯದಾಗಿ, ಶ್ವಾಸವನ್ನು ಸಂಪೂರ್ಣವಾಗಿ ಹೊರಹಾಕಬೇಕು...” ಮನೆಯ ಗೋಡೆಯೆದುರು ನಿಂತು ಎಷ್ಟು ಸಲ ಹೇಳಿಕೊಂಡಿದ್ದಳೋ. ಮಾತು ನನ್ನ ತಲೆಯ ಮೇಲಿಂದ ಹಾದು ಗೋಡೆಗೆ ಹೋಗುತ್ತಿತ್ತು. ಉಸಿರು ಕಟ್ಟಿ ನಿಲ್ಲುವಲ್ಲಿಯವರೆಗೆ ಬಂದಳು. ನೀರಿನ ವಿಷಯ ಬರಲಿಲ್ಲ. ನಾನು ಲೋಟದ ಕಡೆ ನೋಡಬಾರದು ಎಂದು ಕಿಟಕಿ ನೋಡಿದೆ.

“ಗೊತ್ತಾಯ್ತಾ?” ಎಂದಳು.

ನಾಲಿಗೆಯ ತುದಿಯಲ್ಲಿ ಆಯ್ತ್ ಬಂದು ಕೂತಿತ್ತು. ಅದನ್ನು ಬಿಟ್ಟರೆ ಅವಳ ಬಾಯಿ ಮುಚ್ಚಿದ ಹಾಗೆ. ಮೇಡಂ ಪೆನ್ನು ಎತ್ತಿದ್ದರು. ನಿಜಕ್ಕೂ ನನಗೆ ಗೊತ್ತಾಗದೆ ಉಳಿದದ್ದೊಂದು ಇತ್ತಲ್ಲ. ಹೇಳಬಹುದಿತ್ತು, ಕ್ರಮದಲ್ಲೇ ಇತ್ತು.

“ಗೊತ್ತಾಯ್ಲಿಲ್ಲ,” ಎಂದೆ.

ನನ್ನ ದನಿ ನನಗೇ ಬೇರೆಯವರದ್ದರ ಹಾಗೆ ಕೇಳಿಸಿತು. ಕಿವಿ ಬಿಸಿಯಾಯಿತು. ಅವಳು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು.

“ಎಂತದ್ ಗೊತ್ತಾಯ್ಲಿಲ್ಲ ಅಣ್ಣ?”

“ಎಳ್ದಾಯ್ತ್. ಹುಡಿ ಒಳ್ಗೆ ಹೋಯ್ತ್ ಅಂದ್ಹೇಳಿ ನಂಗೆ ಹ್ಯಾಂಗೆ ಗೊತ್ತಾಪ್ಪುದ್?”

ಅವಳ ಪುಸ್ತಕದ ಮಾತು ಎಲ್ಲಿ ಹೋಯಿತೋ. ಸಾಧನವನ್ನು ನನ್ನ ಕೈಯಿಂದ ಎಳೆದುಕೊಂಡು ತೆರೆದಳು. “ಕಾಣಿ ಇಲ್ಲ್. ಎಳ್ದಾದ್ಮೇಲೆ ಹೀಂಗೆ ತೆಗ್ದ್ ಒಳ್ಗೆ ಕಾಣ್ಕ್. ಹುಡಿ ಉಳ್ದಿದ್ರೆ ಮತ್ತೊಂದ್ಸಲ ಎಳ್ಕಣಿ. ಪೂರ್ತಿ ಖಾಲಿ ಆಯ್ಕ್. ಮೆಲ್ಲ ಎಳ್ದ್ರೆ ಹುಡಿ ಎದೆಗ್ ಹೋತಿಲ್ಲ, ಬಾಯಿಯೊಳ್ಗೇ ಕೂಕಂತ್...” ಹೇಳುತ್ತ ಹೇಳುತ್ತ ನಿಂತಳು. ಬಾಯಿ ಎಂಬ ಮಾತು ಅವಳನ್ನೇ ತಡೆದು ನಿಲ್ಲಿಸಿದ ಹಾಗಿತ್ತು. ಕಣ್ಣು ಲೋಟದ ಕಡೆ ಹೋಯಿತು. “ಅಯ್ಯೋ, ಬಾಯಿ! ಕಡೆಗೆ ಬಾಯಿ ಮುಕ್ಕಳ್ಸ್ಕ್ ಅಣ್ಣ. ಗಂಟ್ಲ್‌ವರೆಗೆ ನೀರ್ ತಕಂಡ್ ಗಳಗಳ ಮಾಡಿ ಉಗ್ದ್ ಬಿಡಿ, ಕುಡಿಯುಕಾಗ. ಇಲ್ದಿದ್ರೆ ಬಾಯೆಲ್ಲ ಬೆಳೀ ಹುಣ್ಣಾತ್ತ್. ಈಗ ಗೊತ್ತಾಯ್ತಾ?”

“ಈಗ ಆಯ್ತ್,” ಎಂದು ಎಲ್ಲ ಮಾಡಿ ತೋರಿಸಿ, ಆ ನೀರಿಗೆ ಕೈ ಹಾಕಿದೆ.

ಮುಗಿಯಿತು ಎಂದುಕೊಂಡು ಏಳುವಷ್ಟರಲ್ಲಿ ಮೇಡಂ, “ಒಂದು ನಿಮಿಷ,” ಎಂದರು. ಹುಡುಗಿಯನ್ನು ಹೊರಗೆ ಕೂರಲು ಹೇಳಿ ನನ್ನ ಹತ್ತಿರ ಬಂದರು. “ನಿಮಗೆ ನಿಜವಾಗಿ ಗೊತ್ತಾಗ್ಲಿಲ್ವೋ, ಅವಳಿಗೋಸ್ಕರ ಹೇಳಿದ್ರೋ?”

“ಹುಡಿಯ ವಿಷಯ ಬೆಳಿಗ್ಗೆಯಿಂದ ಗೊತ್ತಿರಲಿಲ್ಲ ಮೇಡಂ.”

“ಬೆಳಿಗ್ಗೆಯಿಂದ! ಹಾಗಾದ್ರೆ ಉಳಿದವರಿಗೆಲ್ಲಾ ಯಾಕೆ ಆಯ್ತ್ ಅಂದ್ರಿ?”

ನಾನು ಸಾಧನವನ್ನು ಕೈಯಲ್ಲಿ ತಿರುಗಿಸತೊಡಗಿದೆ. ಅವರು ಕಿಟಕಿಯವರೆಗೆ ಹೋಗಿ ವಾಪಸು ಬಂದರು. “ಅವಳು ಹೇಳಿದ್ದು ಚೆನ್ನಾಗಿತ್ತು. ಇವತ್ತು ಕೇಳಿದ್ದರಲ್ಲೇ ಅದು ಚೆನ್ನಾಗಿತ್ತು. ಆದ್ರೆ ಅವಳಿಗೆ ಮತ್ತೊಂದು ಅವಕಾಶ ಸಿಕ್ತು, ಬೇರೆಯವರಿಗೆ ಸಿಗ್ಲಿಲ್ಲ. ಇದನ್ನ ನಾನು ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಹಿಡೀಬೇಕು ಅಂದ್ರೆ ಎಲ್ಲರನ್ನೂ ಮತ್ತೆ ಕರೀಬೇಕು. ನೀವು ಒಬ್ಬೊಬ್ಬರಿಗೂ ಗೊತ್ತಾಗ್ಲಿಲ್ಲ ಅಂತ ಹೇಳ್ಬೇಕು. ಮಧ್ಯಾಹ್ನ ಪೂರ್ತಿ ಆಗುತ್ತೆ. ಕೂತ್ಕೊಳ್ತೀರಾ?”

ಅಷ್ಟರಲ್ಲಿ ಫೋನು ಮತ್ತೆ ಗುಂಯ್ ಎಂದಿತು. ಎತ್ತಿದೆ.

“ಹ್ವಾಯ್ ಪ್ರಿನ್ಸಿಪಾಲ್ರೆ, ನೀರ್ ಏರುಕೆ ಶುರುವಾಯ್ತ್. ಕ್ರೇನ್ನವ ಬಂದ್ ನಿಂತಿದ. ಎಲ್ಲ್ ಇದ್ರಿ?”

ಬಾಗಿಲಿನ ಸಂದಿಯಲ್ಲಿ ಜಗಲಿ ಕಾಣುತ್ತಿತ್ತು. ಹುಡುಗಿ ಗೋಡೆಗೆ ಒರಗಿ, ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಈ ಸಲ ಅವಳು ಮನೆಗೆ ಫೋನ್ ಮಾಡಿರಲಿಲ್ಲ.

“ಇವತ್ತ್ ಬಪ್ಪುಕಾತಿಲ್ಲ,” ಎಂದೆ. “ನಾಳಿನ ನೀರಿಗೆ ಇಳ್ಸುವ.”

ಆಚೆಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಇಷ್ಟು ವರ್ಷದಲ್ಲಿ ಹೇಳಿದ ಹೊತ್ತಿಗೆ ಎಂಜಿನ್ ಕೂರಿಸದೆ ಇದ್ದದ್ದು ಅದೇ ಮೊದಲು. ಫೋನು ಜೇಬಿಗೆ ಹಾಕಿ ಕೂತೆ.

ಒಬ್ಬೊಬ್ಬರೇ ಮತ್ತೆ ಬಂದರು. ಹಸಿವು, ಸಿಟ್ಟು ಎರಡೂ ಅವರ ಮುಖದಲ್ಲಿತ್ತು. ಒಬ್ಬೊಬ್ಬರೂ ಬೆಳಿಗ್ಗೆ ಹೇಳಿದ್ದನ್ನೇ ಹೇಳಿ ‘ಗೊತ್ತಾಯ್ತಾ’ ಎಂದರು. ನಾನು ‘ಗೊತ್ತಾಯ್ಲಿಲ್ಲ’ ಎಂದೆ. ಒಂದು ಸಲ ಹೇಳಿದ ಮೇಲೆ ಸಲೀಸಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಪ್ರತಿ ಸಲವೂ ಅದು ತುಕ್ಕು ಹಿಡಿದ ನಟ್ಟಿನ ಹಾಗೆ ಕಿರುಗುಟ್ಟಿಕೊಂಡೇ ಹೊರಟಿತು. ಒಬ್ಬ ಹೇಳಿದ್ದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದ, ನನಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬ ಹಾಗೆ. ಒಬ್ಬಳು ಎದೆಗೂಡಿನ ಚಿತ್ರ ಬಿಡಿಸತೊಡಗಿ ಅದರ ಹೆಸರುಗಳಲ್ಲೇ ಕಳೆದುಹೋದಳು. ಮೊದಲ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂಚೆ ಬಂದಿದ್ದ ಹುಡುಗಿ ಮಾತ್ರ, “ಎಲ್ಲಿಯವರೆಗೆ ಗೊತ್ತಾಯ್ತು ಹೇಳಿ, ಅಲ್ಲಿಂದ ಹೇಳ್ತೇನೆ,” ಎಂದಳು. ಅವಳ ಮೇಲೆ ನನಗೆ ಗೌರವ ಬಂತು.

ನಡುವೆ ಬಂದ ಒಬ್ಬ ಹುಡುಗ, ಚೆನ್ನಾಗಿ ಕ್ರಾಪು ಬಾಚಿದವನು, ನನ್ನ ಮಾತು ಕೇಳಿ ಕುರ್ಚಿಗೆ ಒರಗಿದ. “ಏಳನೇ ಕ್ಲಾಸ್‌ನವರಿಗೆ ಇದಕ್ಕಿಂತ ಸುಲಭದಲ್ಲಿ ಹೇಳುಕೆ ನಂಗೆ ಬತ್ತಿಲ್ಲ,” ಎಂದು ಮೆಲ್ಲಗೆ ಹೇಳಿದ. ಮೇಡಂಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ನನ್ನ ಏಳನೇ ಕ್ಲಾಸಿನ ಸುದ್ದಿ ಜಗಲಿಗೂ ಹೋಗಿತ್ತೆಂದು ಕಾಣುತ್ತದೆ.

ನಾನು ಅರ್ಧ ಎದ್ದಿದ್ದೆ. ಎಂಜಿನ್ನಿನ ಎಷ್ಟು ಭಾಗ ಬೇಕು, ಕಣ್ಣು ಕಟ್ಟಿ ಜೋಡಿಸುತ್ತೇನೆ ಮಗನೇ ಎಂದು ಬಾಯಿಯವರೆಗೆ ಬಂದಿತ್ತು. ಆ ಸಾಧನವನ್ನು ಅವನಿಗೇ ಪಾಠ ಮಾಡಿ ತೋರಿಸಬಹುದಿತ್ತು, ಬೆಳಗಿನಿಂದ ಅಷ್ಟು ಸಲ ಕೇಳಿದ್ದೆ. ತೋರಿಸಿದ್ದರೆ ಮತ್ತೆ ಎಲ್ಲ ರದ್ದು. ಜಗಲಿಯಲ್ಲಿ ನಿಂತವಳದ್ದೂ ರದ್ದು. ಅಂಗೈಗಳನ್ನು ಮತ್ತೆ ತೊಡೆಯ ಅಡಿಗೆ ಹಾಕಿ ಕೂತೆ.

“ಹೌದು ಮಗಾ, ಏಳ್ನೇ ಕ್ಲಾಸ್. ನಂಗೆ ಗೊತ್ತಾಯ್ಲಿಲ್ಲ. ಇನ್ನೊಂದ್ಸಲ ಹೇಳ್,” ಎಂದೆ.

ಅವನು ಹೇಳಿದ. ಹೇಳುವಾಗ ಅವನ ಮುಖ ಸಣ್ಣಗಾಗಿತ್ತು, ಆದರೆ ನೀರಿನ ವಿಷಯ ಸಹಿತ ಸರಿಯಾಗಿಯೇ ಹೇಳಿದ. ಅವನೂ ಪಾಸಾದ. ಅದನ್ನು ಹೇಳದಿದ್ದರೆ ನ್ಯಾಯವಲ್ಲ.

ಮುಗಿಯುವಾಗ ಸಂಜೆಯ ಬಿಸಿಲು ಒಂದು ಗಳಿಗೆ ಮುಖ ತೋರಿಸಿತ್ತು. ಮೇಡಂ ಜಗಲಿಗೆ ಬಂದು ಪಾಸಾದವರ ಹೆಸರು ಓದಿದರು. ಬೈಂದೂರಿನವಳ ಹೆಸರು ನಡುವೆಲ್ಲೋ ಬಂತು. ಅವಳು ಕೂಗಲಿಲ್ಲ, ಕುಣಿಯಲಿಲ್ಲ. ‘ಇನ್ನೊಂದ್ಸಲ ಓದಿ ಮೇಡಂ’ ಎಂದಳು. ಮೇಡಂ ಅವಳ ಹೆಸರನ್ನು ಮತ್ತೊಮ್ಮೆ ಓದಿದರು. ಹೆಸರು ಬಾರದ ಕೆಲವರು ಮುಖ ಇಳಿಬಿಟ್ಟು ನಿಂತಿದ್ದರು. ಅವರ ಕಡೆ ನೋಡಲು ನನಗಾಗಲಿಲ್ಲ.

ಬೈಕು ಹೆದ್ದಾರಿಗೆ ತಂದಾಗ ಅವಳು ಬಸ್‌ಸ್ಟಾಪಿನಲ್ಲಿದ್ದಳು. ಕೈ ಅಡ್ಡ ಹಿಡಿದಳು.

“ಅಣ್ಣ, ಒಂದ್ ಮಾತ್. ನಿಮ್ಗೆ ನಿಜಕ್ಕೂ ಗೊತ್ತಾಯ್ಲಿಲ್ಲದ್ದ್ ಅಲ್ದಾ? ಪಾಪ ಅಂದ್ ಹೇಳಿದ್ದ್ ಅಲ್ಲ ಅಲ್ದಾ?”

ಅವಳ ಮುಖ ನೋಡಿದೆ. ಪಾಪ ಅಂತ ಪಾಸಾದೆ ಎಂಬ ಗುಮಾನಿ ಹೊತ್ತುಕೊಂಡು ಅವಳು ಆ ಮೆಡಿಕಲ್ ಶಾಪಿನ ಕೌಂಟರಿಗೆ ಹೋಗುವ ಹಾಗಿಲ್ಲ.

“ನಿಜಕ್ಕೂ ಗೊತ್ತಿರ್ಲಿಲ್ಲ. ನೀ ಹೇಳ್ದ ಮೇಲೆ ಗೊತ್ತಾದ್ದ್,” ಎಂದೆ. ಮಧ್ಯಾಹ್ನವಿಡೀ ಹೇಳಿದ್ದಕ್ಕಿಂತ ಅದನ್ನು ಹೇಳುವುದು ಕಷ್ಟವಾಯಿತು. ಅಲ್ಲಿ ಕುರ್ಚಿಯಲ್ಲಿ ಕೂತವನು ರೋಗಿ. ಇಲ್ಲಿ ಬೈಕಿನ ಮೇಲೆ ಕೂತವನು ನಾನು.

ಅವಳು ತಲೆಯಾಡಿಸಿ ಫೋನು ತೆಗೆದು ಮನೆಗೆ ಹಚ್ಚಿದಳು. ಆಚೆಯವರು ಎತ್ತುವ ಮೊದಲು ನನ್ನ ಕಡೆ ತಿರುಗಿ, “ಬಪ್ಪ ವರ್ಷ ನಮ್ ಜೂನಿಯರ್‌ಗಳ ಪರೀಕ್ಷೆಗೆ ಬರ್ಬೇಡಿ ಮಾರ್ರೆ. ಅವ್ರ್ ಬದ್ಕ್ಲಿ,” ಎಂದಳು.

ಕೋಡಿಗೆ ಬರುವಾಗ ಹೊಳೆಯ ನೀರು ಇಳಿದಾಗಿತ್ತು. ಬೋಟು ಕೆಸರಿನಲ್ಲಿ ಓರೆಯಾಗಿ ಕೂತಿತ್ತು. ಮಾಲೀಕರು ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದರು. ಎಂಜಿನ್ನಿನ ಮೇಲೆ ತಾಡಪಾಲು ಹೊದೆಸಿತ್ತು. “ಇಡೀ ದಿನ ಅಲ್ಲ್ ಎಂತ ಮಾಡ್ತಿದ್ರಿ ನೀವ್?” ಎಂದು ಕೇಳಿದರು. ಏನೂ ಮಾಡಲಿಲ್ಲ, ಕೂತಿದ್ದೆ, ಅಷ್ಟೇ. ಅದನ್ನು ಅವರಿಗೆ ಹೇಗೆ ಹೇಳಲಿ? ತಾಡಪಾಲು ಸರಿಸಿದೆ, ಸ್ಪ್ಯಾನರ್ ಕೈಗೆತ್ತಿಕೊಂಡೆ. ಬೆಳಗಿನಿಂದ ತೊಡೆಯ ಅಡಿಯಲ್ಲಿದ್ದ ಕೈ ಇನ್ನೂ ಜುಮುಜುಮು ಎನ್ನುತ್ತಿತ್ತು.